ಅವ್ವನ ಮೈನಸ್ ನಾಲ್ಕು

ನಮ್ಮ ಮನೆಯವರಿಗೆ ಅಂಕೆ ಕಂಡರೆ ಭಕ್ತಿ. ದೇವರ ಮನೆಯಲ್ಲಿ ಎರಡು ನಿಮಿಷ ನಿಲ್ಲಲಾರದ ಮನುಷ್ಯ, ಯಾವುದಾದರೂ ಯಂತ್ರದ ಮೇಲೆ ಅಂಕೆ ಮೂಡಿತೆಂದರೆ ಕೈಕಟ್ಟಿ ನಿಲ್ಲುತ್ತಾರೆ. ನಂದೂರಿನ ಬೇಳೆ ಮಿಲ್ಲೊಂದರಲ್ಲಿ ತೊಗರಿ ಖರೀದಿ ನೋಡಿಕೊಳ್ಳುವುದು ಅವರ ಕೆಲಸ. ಗಾಡಿ ಬಂದು ನಿಂತಾಗ ಚೀಲದಿಂದ ಒಂದು ಹಿಡಿ ತೊಗರಿ ತೆಗೆದು, ತೇವ ಅಳೆಯುವ ಮೀಟರಿಗೆ ಸುರಿದು, ಅದು ತೋರಿಸಿದ್ದನ್ನು ಮಂತ್ರದಂತೆ ಗಟ್ಟಿಯಾಗಿ ಓದುತ್ತಾರೆ. "ಒಣಗ್ಯಾವ್ರಿ ಸಾಹೇಬ್ರ, ಹಲ್ಲಿಲೆ ಕಡದು ನೋಡ್ರಿ" ಎಂದು ಬೆಳೆದವನು ಹೇಳಿದರೆ, "ನನ್ನ ಹಲ್ಲಿಗಿ ಸರ್ಟಿಫಿಕೇಟ್ ಇಲ್ಲೋ ಮಾರಾಯಾ" ಎಂದು ಉತ್ತರಿಸುತ್ತಾರಂತೆ. ಇದನ್ನು ಮನೆಗೆ ಬಂದು ನನಗೆ ಹೆಮ್ಮೆಯಿಂದ ಹೇಳಿದ್ದು ಒಂದು ಸಲವಲ್ಲ.

ಮನೆಯಲ್ಲಿ ರಕ್ತದೊತ್ತಡ ನೋಡುವ ಯಂತ್ರವಿದೆ, ಬೆರಳಿಗೆ ಕಚ್ಚಿಸುವ ಕ್ಲಿಪ್ಪಿದೆ, ನಡೆದ ಹೆಜ್ಜೆ ಎಣಿಸುವ ಗಡಿಯಾರವಿದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ನಿಂತು, ಕೊರಳ ಬೆವರು ಒರೆಸಿಕೊಳ್ಳುತ್ತ, ಫೋನು ತೆಗೆದು ನೋಡಿ, "ಇವತ್ತು ಬಿಸಲು ಭಾಳ ಅದ" ಎಂದು ಸಾರುವ ಗಂಡಸಿನ ಜೊತೆ ಬಾಳುವುದು ನನ್ನ ಪಾಲಿಗೆ ಬಂದಿದೆ. ಅಂಗೈ ಹುಣ್ಣಿಗೂ ಕನ್ನಡಿ ಬೇಕು ಎನ್ನುವ ಪೈಕಿ. ನಾನು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಅಂಕೆಯ ಜೊತೆ ದಿನಗಟ್ಟಲೆ ಏಗುವವರಿಗೆ ಅದರ ಮೇಲೆ ಭಕ್ತಿ ಹುಟ್ಟುವುದಿಲ್ಲ, ಅನುಮಾನ ಹುಟ್ಟುತ್ತದೆ. ಇಂಥ ನಮ್ಮಿಬ್ಬರ ಸಂಸಾರ ಇಷ್ಟು ವರ್ಷ ನಡೆದುಬಂದಿರುವುದು ಅವ್ವ ನಡುವೆ ಇರುವುದರಿಂದ ಎಂದು ನೆಂಟರು ಹೇಳುತ್ತಾರೆ.

ನನ್ನ ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ, ಸೇಡಂ ರಸ್ತೆಯ ಒಳಗಿನ ಬಡಾವಣೆಯಲ್ಲಿ ಇದ್ದಾಳೆ. ವಾರದಲ್ಲಿ ಆರು ದಿನ ಆಕೆ ನಮ್ಮವಳು. ಗುರುವಾರ ಮಾತ್ರ ಕಮಲಾಪುರದವಳು. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗುತ್ತಾಳೆ, ಸಂಜೆಯ ಬಸ್ಸಿಗೆ ಮರಳುತ್ತಾಳೆ. ಹೋಗುವುದು ತವರಿನ ಮಮತೆಗಲ್ಲ, ಚದುರಂಗ ಆಡಲಿಕ್ಕೆ. ಅಕ್ಕತಮ್ಮಂದಿರಿಬ್ಬರಿಗೂ ಆಟ ಕಲಿಸಿದವರು ಅವರಪ್ಪ, ಅಂದರೆ ನನ್ನ ಅಜ್ಜ. ಹೆಣ್ಣುಮಗಳಿಗೆ ಓದು ಸಾಕು ಎಂದು ಶಾಲೆ ಬಿಡಿಸಿದ ಅಜ್ಜ ಆಟವನ್ನು ಮಾತ್ರ ಬಿಡಿಸಲಿಲ್ಲ. ಅವರಿಗೆ ಎದುರು ಕೂಡುವವರು ಬೇಕಿತ್ತು, ಅಷ್ಟೆ.

ಆ ತಮ್ಮ, ಅಂದರೆ ನನ್ನ ಸೋದರಮಾವನಿಗೆ ಕಮಲಾಪುರದ ಹೊರಗೆ ಕೆಂಪು ಬಾಳೆಯ ತೋಟವಿದೆ. ತೋಟವನ್ನು ಮಗ ನೋಡಿಕೊಳ್ಳುತ್ತಾನೆ, ಮಾವ ಅಕ್ಕನ ದಾರಿ ನೋಡುತ್ತಾನೆ. ಆಟ ಎಂದೂ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಬಸ್ಸಿನ ಹೊತ್ತಾದಾಗ ಚದುರಂಗದ ಹಾಸು ಹೇಗಿದೆಯೋ ಹಾಗೇ ಬಿಟ್ಟು, ಅದರ ಮೇಲೆ ಮಾವ ಒಂದು ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕುತ್ತಾನೆ. ಕೋಳಿ, ಬೆಕ್ಕು, ಮೊಮ್ಮಕ್ಕಳು ಯಾರೂ ಮುಟ್ಟುವಂತಿಲ್ಲ. ಮುಂದಿನ ಗುರುವಾರ ಬುಟ್ಟಿ ಎತ್ತಿ ಅಲ್ಲಿಂದಲೇ ಮುಂದುವರಿಸುತ್ತಾರೆ. ಒಂದು ಆಟ ಮುಗಿದರೆ ಅದೇ ದಿನ ಇನ್ನೊಂದನ್ನು ಹೂಡಿ, ಅದನ್ನು ಬುಟ್ಟಿಯ ಕೆಳಗೆ ಬಿಟ್ಟು ಬರುತ್ತಾಳೆ ಅವ್ವ. ಮನೆಗೆ ಬಂದು ಕೈಕಾಲು ತೊಳೆದವಳೇ ನಮ್ಮ ಪಡಸಾಲೆಯ ಸಣ್ಣ ಮೇಜಿನ ಮೇಲೆ ತನ್ನ ಹಾಸನ್ನು ಹರವಿ, ಕಮಲಾಪುರದಲ್ಲಿ ಬಿಟ್ಟುಬಂದ ಆಟವನ್ನು ಕಾಯಿ ಕಾಯಿಯಾಗಿ ಹಾಗೇ ಇಡುತ್ತಾಳೆ. ವಾರವಿಡೀ ಹೋಗುತ್ತ ಬರುತ್ತ ಅದನ್ನು ನೋಡುತ್ತಿರುತ್ತಾಳೆ. ನಾವೆಲ್ಲ ಆ ಮೇಜನ್ನು ಕಸ ಹೊಡೆಯುವಾಗ ಮಾತ್ರ ಗಮನಿಸುತ್ತಿದ್ದೆವು.

ಹೋದ ಚಳಿಗಾಲದಲ್ಲಿ ಒಂದು ದಿನ ಹಾಲು ಉಕ್ಕಿತು. ಅವ್ವ ಒಲೆಯ ಮುಂದೆಯೇ ನಿಂತಿದ್ದಳು, ಗೋಡೆ ನೋಡುತ್ತಿದ್ದಳು. ಪಾತ್ರೆ ಕಪ್ಪಾಯಿತು. ಅದಾದ ಮೇಲೆ ಒಮ್ಮೆ ನನ್ನನ್ನು ತೀರಿಹೋದ ಚಿಕ್ಕವ್ವನ ಹೆಸರಿನಿಂದ ಕರೆದಳು. ನನಗೆ ಸಂಕಟವಾಯಿತು, ನಿಜ. ಆದರೆ ನಮ್ಮ ಮನೆಯವರಿಗೆ ಸಂಕಟವಾಗಲಿಲ್ಲ, ಕೆಲಸ ಸಿಕ್ಕಿತು. ಆಕೆಯ ತಲೆಯನ್ನು ಅಳೆಯುವ ಮೀಟರು ಯಾವುದು ಎಂದು ಹುಡುಕಲು ಶುರುವಿಟ್ಟರು. ಹುಡುಕಿದವರಿಗೆ ಸಿಗದೇ ಇರುತ್ತದೆಯೇ? ಫೋನಿನಲ್ಲಿ ಚೆಸ್ ಪ್ರೋಗ್ರಾಂ ಒಂದು ಸಿಕ್ಕಿತು. ಹಾಸಿನ ಮೇಲಿದ್ದ ಕಾಯಿಗಳನ್ನು ಹಾಗೇ ಪರದೆಯ ಮೇಲೆ ಇಟ್ಟರೆ, ಯಾರ ಕೈ ಮೇಲಿದೆ ಎಂದು ಅದು ಅಂಕೆಯಲ್ಲಿ ಹೇಳುತ್ತದೆ. ಬಿಳಿಯವರು ಗೆಲ್ಲುವಂತಿದ್ದರೆ ಪ್ಲಸ್ಸು, ಸೋಲುವಂತಿದ್ದರೆ ಮೈನಸ್ಸು. ಹಿರಿಯಳೆಂದು ಅವ್ವ ಯಾವಾಗಲೂ ಬಿಳಿ ಕಾಯಿಯೇ ಆಡುವುದು.

"ನೋಡು, ನಿಮ್ಮವ್ವಂದು ಮೈನಸ್ ನಾಕು ಪಾಯಿಂಟ್ ಎರಡು" ಎಂದರು ಮೊದಲ ಶುಕ್ರವಾರ, ಜ್ವರ ನೋಡಿದವರಂತೆ.

ಮುಂದಿನ ವಾರ ಮೈನಸ್ ಮೂರು. "ಸ್ವಲ್ಪ ಸುಧಾರಿಸ್ಯಾರ" ಎಂದರು. ಅದರ ಮುಂದಿನ ವಾರ ಮೈನಸ್ ಐದರ ಹತ್ತಿರ ಹೋಯಿತು. ಅವತ್ತು ಊಟ ಸೇರಲಿಲ್ಲ ಅವರಿಗೆ. "ಒಂದ್ ಕಾಲಕ್ಕ ಊರಾಗ ಯಾರಿಗೂ ಸೋಲದವರು, ಈಗ ಪ್ರತಿ ವಾರ ಸೋಲಾಕತ್ತಾರ. ಇದು ತಲಿದೇ ಸಮಸ್ಯಾ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿ. ಆಟದ ಕೊನೆಗೆ ಯಾರು ಗೆದ್ದರು ಎಂದು ಅವ್ವನನ್ನು ಒಂದು ಮಾತು ಕೇಳಬಹುದಿತ್ತು. ಅಂಕೆ ಇರುವಾಗ ಮನುಷ್ಯರನ್ನು ಕೇಳುವುದು ಅವರಿಗೆ ಅವಮಾನ.

ನಾನು ಕೇಳಿದೆ, ಅವ್ವನನ್ನಲ್ಲ, ಅವರನ್ನು. "ಈ ನಾಕು ಅಂದ್ರ ಏನ್ರಿ?"

"ನಾಕು ಅಂದ್ರ ನಾಕು."

"ನಾಕು ಏನು? ಕಿಲೋನಾ, ಮೊಳಾನಾ, ಡಜನ್ನಾ?"

"ಪಾಯಿಂಟು" ಎಂದರು. ಪಾಯಿಂಟು ಅಂದರೆ ಏನು ಎಂದದ್ದಕ್ಕೆ, ನಿನಗೆ ಯಾವಾಗಲೂ ವಾದ ಎಂದು ಟಿವಿ ಹಾಕಿದರು. ಅಳತೆಯ ಮಾನ ಬರೆಯದ ಉತ್ತರಕ್ಕೆ ನಾನು ಹುಡುಗರ ಅಂಕ ಕತ್ತರಿಸುತ್ತೇನೆ. ಗಂಡನಿಗೆ ಕತ್ತರಿಸಲು ಬರುವುದಿಲ್ಲ.

ಕೊನೆಗೆ ಸೇಡಂ ರಸ್ತೆಯ ಆಸ್ಪತ್ರೆಯೊಂದಕ್ಕೆ ಅವ್ವನನ್ನು ಕರೆದೊಯ್ದೆವು. ನರಗಳ ಡಾಕ್ಟರು ಆಕೆಗೆ ಇವತ್ತು ಯಾವ ದಿನ ಎಂದು ಕೇಳಿದರು. ಅವ್ವ ವಾರ ಹೇಳಿ, ತಿಥಿ ಹೇಳಿ, ಅಮಾವಾಸ್ಯೆ ಯಾವಾಗ ಎಂಬುದನ್ನೂ ಹೇಳಿದಳು. ಡಾಕ್ಟರಿಗೆ ತಿಥಿ ಗೊತ್ತಿಲ್ಲದ್ದರಿಂದ ಸರಿಯೋ ತಪ್ಪೋ ತಿಳಿಯಲಿಲ್ಲ. ಆಗ ನಮ್ಮ ಮನೆಯವರು ಫೋನು ಮುಂದೆ ಹಿಡಿದರು. ಡಾಕ್ಟರು ಕನ್ನಡಕ ಏರಿಸಿ ನೋಡಿ, "ಓಹೋ, ಮೈನಸ್ ಐದರ ಹತ್ರ ಅದಲ್ಲ" ಎಂದು, ಹಿಮೋಗ್ಲೋಬಿನ್ ಇಳಿದವರ ಮುಂದೆ ತಲೆಯಾಡಿಸುವಂತೆ ಆಡಿಸಿದರು.

"ನೀವು ಚೆಸ್ ಆಡ್ತೀರೇನ್ರಿ ಡಾಕ್ಟ್ರ?" ಎಂದೆ.

"ಸಾಲ್ಯಾಗಿದ್ದಾಗ ಆಡ್ತಿದ್ದೆ" ಎಂದರು. ಆಮೇಲೆ, "ಯಾವುದಕ್ಕೂ ಒಬ್ಬರನ್ನೇ ದೂರ ಎಲ್ಲಿ ಕಳಿಸಬ್ಯಾಡ್ರಿ. ಬಸ್ಸು ಗಿಸ್ಸು ಅಂತೂ ಬ್ಯಾಡೇ ಬ್ಯಾಡ" ಎಂದರು.

ಅಲ್ಲಿಗೆ ಅವ್ವನ ಗುರುವಾರ ಹೋಯಿತು. ಇಬ್ಬರು ಗಂಡಸರು ಒಂದು ಫೋನಿನ ಮೇಲೆ ಬಗ್ಗಿ, ತಮಗೆ ಅರ್ಥವಾಗದ ಒಂದು ಅಂಕೆಯನ್ನು ಪರಸ್ಪರ ತೋರಿಸಿಕೊಂಡು, ಎದುರಿಗೆ ಕೂತವಳ ಬದುಕಿನಲ್ಲಿ ಆಕೆಗೆ ಬೇಕಾಗಿದ್ದ ಒಂದೇ ದಿನವನ್ನು ಕಿತ್ತುಹಾಕಿದರು. ಆ ಕೋಣೆಯಲ್ಲಿ ನನಗೆ ಹೇಸಿಗೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಅಲ್ಲೇ ಹೇಳಬೇಕೆಂದಿದ್ದೆ, ಅವ್ವನನ್ನು ಎಮ್ಮೆ ಮಾಡಬೇಕಾಗುತ್ತದೆಂದು ನುಂಗಿಕೊಂಡೆ.

ಆಟೋದಲ್ಲಿ ಅವ್ವ ನನ್ನ ಕಡೆ ತಿರುಗಿ, "ಆ ಅಂಕಿ ಯಾರು ಹಾಕ್ಯಾರ?" ಎಂದಳು.

"ಫೋನು, ಅವ್ವ."

"ಫೋನಿಗಿ ಆಟ ಯಾರು ಕಲಿಸ್ಯಾರ?"

ನನಗೆ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ" ಎಂದೆ. ಆಕೆ ಹೊರಗೆ ನೋಡತೊಡಗಿದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾಲೇಜಿನಿಂದ ಬಂದ ಮೇಲೆ ಅದೇ ಪ್ರೋಗ್ರಾಮನ್ನು ನನ್ನ ಫೋನಿಗೂ ಹಾಕಿಕೊಂಡು ಕೂತೆ. ಕಾಲೇಜು ಓದುವಾಗ ನಾಲ್ಕು ಪಂದ್ಯ ಆಡಿದ್ದರಿಂದ ಚೆಸ್ಸಿನ ನಿಯಮ ನನಗೆ ತಿಳಿದಿತ್ತು. ಮೊದಲು ಎಲ್ಲ ಕಾಯಿ ಇಟ್ಟು, ಆಟ ಶುರುವಾಗುವ ಮುನ್ನ ಅಂಕೆ ಎಷ್ಟು ಎಂದು ನೋಡಿದೆ. ಸೊನ್ನೆಗಿಂತ ತುಸು ಮೇಲೆ, ಬಿಳಿಯ ಕಡೆಗೆ. ಮೊದಲ ನಡೆ ಬಿಳಿಯದಾದ್ದರಿಂದ ಅಷ್ಟು ಲಾಭ. ಆಮೇಲೆ ಬಿಳಿಯ ಒಂದು ಕಾಲಾಳು ತೆಗೆದೆ. ಅಂಕೆ ಇಳಿಯಿತು. ಅದನ್ನು ವಾಪಸು ಇಟ್ಟು ಬೇರೆ ಮೂಲೆಯ ಕಾಲಾಳು ತೆಗೆದೆ. ಇಳಿಯಿತು, ಆದರೆ ಅಷ್ಟೇ ಅಲ್ಲ. ಒಂದೊಂದು ಕಾಲಾಳಿಗೆ ಒಂದೊಂದು ಬೆಲೆ.

ಓದಿ ತಿಳಿದುಕೊಂಡಿದ್ದು ಇಷ್ಟು. ಹಳೆಯ ಪ್ರೋಗ್ರಾಂಗಳಿಗೆ ಬೆಲೆಪಟ್ಟಿಯನ್ನು ಮನುಷ್ಯರೇ ಬರೆದುಕೊಟ್ಟಿದ್ದರು. ಕಾಲಾಳಿಗೆ ಒಂದು, ಕುದುರೆಗೆ ಒಂಟೆಗೆ ಮೂರು ಮೂರು, ಆನೆಗೆ ಐದು, ಮಂತ್ರಿಗೆ, ಅಂದರೆ ನಮ್ಮ ಕಡೆಯ ವಜೀರನಿಗೆ, ಒಂಬತ್ತು. ರಾಜನ ಮುಂದೆ ಕಾವಲು ಇದ್ದರೆ ಇಷ್ಟು ಕೂಡಿಸು, ಕುದುರೆ ಮೂಲೆಯಲ್ಲಿ ಕೂತಿದ್ದರೆ ಇಷ್ಟು ಕಳೆ. ಮೈನಸ್ ನಾಲ್ಕು ಎಂದರೆ ಆಗ ನಾಲ್ಕು ಕಾಲಾಳಿನಷ್ಟು ಕಡಿಮೆ. ಅಂತೂ ಒಂದು ಮಾನ ಸಿಕ್ಕಿತು. ಅದನ್ನು ಹುಡುಕಿಕೊಳ್ಳಲು ನಮ್ಮ ಮನೆಯವರಿಗೆ ಆಗಿರಲಿಲ್ಲ, ಒಂದು ಮಧ್ಯಾಹ್ನದ ಕೆಲಸವದು.

ಆದರೆ ಎಣಿಕೆ ಅಲ್ಲಿಗೆ ಮುಗಿಯುವುದಿಲ್ಲ. ಅಂಕೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಮೈನಸ್ ಮೂರಿದ್ದದ್ದು ಮೂರೂವರೆಯಾಯಿತು, ಮತ್ತೆ ಮೂರಕ್ಕೆ ಬಂತು, ನಾಲ್ಕಕ್ಕೆ ಹೋಯಿತು. ಕಾಯಿ ಮಾತ್ರ ಇದ್ದಲ್ಲೇ ಇವೆ. ಕಾರಣ, ಯಂತ್ರ ಮುಂದಿನದನ್ನು ನೋಡುತ್ತಿರುತ್ತದೆ. ನಾನು ಹೀಗಂದರೆ ನಾದಿನಿ ಹಾಗನ್ನುತ್ತಾಳೆ, ಹಾಗಂದರೆ ನಾನು ಹೀಗೆನ್ನಬೇಕು ಎಂದು ರೊಟ್ಟಿ ಬಡಿಯುತ್ತ ಹೆಂಗಸರು ಒಳಗೊಳಗೇ ಜಗಳ ನಡೆಸುತ್ತಾರಲ್ಲ, ಹಾಗೆ. ಆಡುವ ಇಬ್ಬರೂ ತಮಗೆ ಸಾಧ್ಯವಿರುವುದರಲ್ಲಿ ಒಳ್ಳೆಯ ನಡೆಯನ್ನೇ ಆಡುತ್ತಾರೆ ಎಂದುಕೊಂಡು, ಹೋಗುವಷ್ಟು ಮುಂದೆ ಹೋಗಿ, ಅಲ್ಲಿ ನಿಂತು ಆ ಹಾಸಿನ ಬೆಲೆ ಕಟ್ಟಿ, ಆ ಬೆಲೆಯನ್ನು ಹಿಂದಕ್ಕೆ ಹೊತ್ತು ತಂದು ನಮ್ಮ ಮುಂದೆ ಇಡುತ್ತದೆ. ಅಂದರೆ ಅದು ತೋರಿಸುವುದು ಕಣ್ಣೆದುರಿನ ಹಾಸಿನ ಬೆಲೆಯನ್ನಲ್ಲ, ಇನ್ನೂ ಆಡದ ಎಷ್ಟೋ ನಡೆಗಳಾಚೆಯ, ಬರಬಹುದಾದ ಹಾಸಿನ ಬೆಲೆಯನ್ನು. ಇದು ತಿಳಿದಾಗ ನನಗೆ ಯಂತ್ರದ ಮೇಲೆ ಗೌರವ ಬಂತು. ನಮ್ಮ ಮನೆಯವರ ಮೇಲೆ ಇದ್ದ ಚೂರುಪಾರೂ ಹೋಯಿತು.

ಈಗಿನವಕ್ಕೆ ಬೆಲೆಪಟ್ಟಿಯೂ ಬೇಕಿಲ್ಲ. ಯಂತ್ರ ತನ್ನ ಜೊತೆ ತಾನೇ ಲೆಕ್ಕವಿಲ್ಲದಷ್ಟು ಆಟ ಆಡುತ್ತದೆ. ಯಾವ ಹಾಸಿನಿಂದ ಹೊರಟ ಆಟ ಎಲ್ಲಿಗೆ ಮುಟ್ಟಿತು ಎಂಬುದರಿಂದ ತನ್ನೊಳಗಿನ ತೂಕಗಳನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಈಗ ಅದು ಹೇಳುವ ಅಂಕೆ ಕಾಲಾಳಿನ ಎಣಿಕೆಗಿಂತ ಹೆಚ್ಚಾಗಿ ಗೆಲ್ಲುವ ಸಂಭವ. ಯಾರು ಗೆಲ್ಲುವ ಸಂಭವ? ಇಲ್ಲಿಂದ ಮುಂದೆ ಎರಡೂ ಕಡೆ ತನ್ನಂಥವರೇ ಕೂತು, ತನಗೆ ಗೊತ್ತಿರುವ ನಿಯಮದಂತೆ ಆಡಿದರೆ ಗೆಲ್ಲುವವರದು. ಈ "ಆಡಿದರೆ" ಎಂಬುದನ್ನು ಪರದೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ಬರೆದಿದ್ದರೂ ಓದುವವರು ಯಾರು.

ಅವ್ವನಿಗೆ ಹೇಳಿದೆ. "ಅದಕ್ಕ ಯಾರೂ ಕಲಿಸಿಲ್ಲ ಅವ್ವ, ತನ್ನ ಜೋಡಿ ತಾನೇ ಆಡಿ ಕಲ್ತದ."

ಅವ್ವ ಬಿದ್ದು ಬಿದ್ದು ನಕ್ಕಳು. "ತನ್ನ ಜೋಡಿ ತಾನೇ ಆಡಿ ಶಾಣ್ಯಾ ಆಗ್ಯದ ಅಂದ್ರ, ನನ್ನ ತಮ್ಮನ ಕಳ್ಳಾಟ ಅದೇನು ಕಂಡದ?"

ಒಂದು ಗುರುವಾರ ತಪ್ಪಿತು. ಮಾವ ಫೋನು ಮಾಡಿದ. "ಅಕ್ಕ ಬರ್ಲಿಲ್ಲಲ್ಲ ಬೇ. ಬುಟ್ಟಿ ಹಂಗೇ ಅದ" ಎಂದ. ಅಷ್ಟೇ ಹೇಳಿ ಇಟ್ಟುಬಿಟ್ಟ. ಅವ್ವ ಮೇಜಿನ ಮುಂದೆ ಕೂಡುವುದನ್ನು ಬಿಟ್ಟಿದ್ದಳು. ಸಂಜೆ ಗೇಟಿನ ಹತ್ತಿರ ನಿಂತು ಬೀದಿ ನೋಡುತ್ತಿದ್ದಳು. ಮುಂದಿನ ಗುರುವಾರ ನಾನು ರಜೆ ಹಾಕಿ ಆಕೆಯ ಜೊತೆ ಹೊರಟೆ. "ನೀ ಜೋಡಿಗಿದ್ರ ನಂದೇನು ಅಭ್ಯಂತರ ಇಲ್ಲ" ಎಂದು ನಮ್ಮ ಮನೆಯವರು ಅಪ್ಪಣೆ ಕೊಟ್ಟರು. ನಾನು ಕೇಳಿರಲಿಲ್ಲ.

ಕಮಲಾಪುರದಲ್ಲಿ ಮಾವ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. ಬುಟ್ಟಿ ಎತ್ತಿದ. ನಾನು ಬಗ್ಗಿ ನೋಡಿದೆ. ಮಾವನ ಒಂದು ಕಾಲಾಳು ಅವ್ವನ ಕಡೆ ಬಹಳ ಒಳಗೆ ಬಂದುಬಿಟ್ಟಿತ್ತು, ಇನ್ನೆರಡು ಮನೆ ದಾಟಿದರೆ ಕೊನೆಯ ಸಾಲು. ಕಾಲಾಳು ಕೊನೆಯ ಸಾಲು ಮುಟ್ಟಿತೆಂದರೆ ಮಂತ್ರಿಯಾಗುತ್ತದೆ, ಆಟವೇ ಹೋಗುತ್ತದೆ. ಎರಡು ವಾರದ ಹಿಂದೆ ಮೈನಸ್ ಐದರ ಹತ್ತಿರ ಬಂದದ್ದು ಇದೇ ಹಾಸು. ಅವ್ವ ಅದರ ಕಡೆ ನೋಡಲೇ ಇಲ್ಲ. ತನ್ನ ಕೆಲಸ ತಾನು ನೋಡಿಕೊಂಡು ನಡುವಿನ ಕಾಲಾಳೊಂದನ್ನು ಮುಂದೆ ತಳ್ಳಿದಳು. ಮಾವ ತನ್ನದನ್ನು ತಳ್ಳಿದ. ಆಕೆ ಮತ್ತೆ ತಳ್ಳಿದಳು. ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ, "ಕಣ್ಣಾಗೇನರ ಬಿದ್ದದೇನು?" ಎಂದು ಕೇಳಿದಳು. ಆ ಗಳಿಗೆಯಲ್ಲಿ, ನಮ್ಮ ಮನೆಯವರು ಹೇಳಿದ್ದೇ ಸರಿಯೇನೋ ಎಂದು ಅನ್ನಿಸಿತು.

ಮಾವನ ಕಾಲಾಳು ಕೊನೆಯ ಮನೆ ಮುಟ್ಟಿತು. ಅವನು ಅದನ್ನು ತೆಗೆದು, ಪಕ್ಕದ ಡಬ್ಬಿಯಲ್ಲಿ ಕೈಯಾಡಿಸಿ, ಒಂದು ಕುದುರೆ ಇಟ್ಟ.

"ಮಾವ, ಕುದುರಿ ಯಾಕ ಇಟ್ಟಿ? ವಜೀರ ತಗೋಬೇಕಲ್ಲ?" ಎಂದೆ.

ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಗಣಿತದ ಮೇಡಂ ಎರಡೆರಡು ಐದು ಎಂದಂತೆ ನೋಡಿದರು. "ಕುದುರಿ ಮನಿಗಿ ಹ್ವಾದಾಂವ ವಜೀರ ಹ್ಯಾಂಗ ಆಗ್ತಾನ ಬೇ?" ಎಂದ ಮಾವ. "ಆನಿ ಸಾಲಿನ್ಯಾಗ ಹೋದ್ರ ಆನಿ, ಕುದುರಿ ಸಾಲಿನ್ಯಾಗ ಹೋದ್ರ ಕುದುರಿ. ವಜೀರ ಸಾಲಿನ್ಯಾಗ ಹೋದ್ರ ವಜೀರ. ಅದಕ್ಕೇ ನಿಮ್ಮವ್ವ ನಡುವಿಂದು ತಳ್ಳಾಕತ್ತಾಳ, ನನ್ನ ಕುತ್ತಿಗಿಗಿ."

ಅಷ್ಟರಲ್ಲಿ ಅವ್ವನ ಕಾಲಾಳು ವಜೀರನ ಸಾಲಿನ ತುದಿ ಮುಟ್ಟಿ ವಜೀರನಾಯಿತು. ಮಾವ ಹೊಸ ಕುದುರೆಯಿಂದ ಆಕೆಯ ರಾಜನನ್ನು ಮೂಲೆಗೆ ಒತ್ತಿ ಕಟ್ಟಿಹಾಕಲು ನೋಡಿದ. ಆಗ ಅವ್ವ ರಾಜನನ್ನು ಎತ್ತಿ, ಕುದುರೆ ಜಿಗಿದಂತೆ ಜಿಗಿಸಿ, ಆಚೆ ಇಟ್ಟಳು. ನಾನು ಬಾಯಿ ತೆರೆದೆ. ಅವ್ವ ಕೈ ತೋರಿಸಿ ಸುಮ್ಮನಾಗಿಸಿದಳು. ಆಟದಲ್ಲಿ ಒಂದೇ ಒಂದು ಸಲ, ಅಲ್ಲಿಯವರೆಗೆ ಯಾರೂ ಶಹ, ಅಂದರೆ ಚೆಕ್, ಕೊಟ್ಟಿರದಿದ್ದರೆ, ರಾಜ ಹಾಗೆ ಜಿಗಿಯಬಹುದಂತೆ. ಅವರಪ್ಪ ಕಲಿಸಿದ ಆಟದಲ್ಲಿ ಯಾವಾಗಿನಿಂದಲೂ ಹಾಗೇ. ಆ ಒಂದು ಜಿಗಿತವನ್ನು ಅವ್ವ ಮೂರು ಗುರುವಾರ ಕೈಯಲ್ಲಿ ಬಿಗಿಹಿಡಿದು ಕಾದಿಟ್ಟುಕೊಂಡಿದ್ದಳು. ಯಾವ ಫೋನಿಗೆ ಅದು ಕಾಣಬೇಕು?

ನಾನು ಗಟ್ಟಿಯಾಗಿ ನಕ್ಕೆ. ನಕ್ಕಿದ್ದು ಖುಷಿಗೂ ಹೌದು, ಸಿಟ್ಟಿಗೂ ಹೌದು. ಲೋಕದ ಆಟವನ್ನೆಲ್ಲ ಅರೆದು ಕುಡಿದ ಯಂತ್ರಕ್ಕೆ ನಮ್ಮ ಅಜ್ಜನ ಆಟ ತೋರಿಸಿ, ಬೆಲೆ ಹೇಳು ಎಂದಿದ್ದಾರೆ. ಅದು ತನಗೆ ಗೊತ್ತಿದ್ದ ಆಟದ ಬೆಲೆ ಹೇಳಿದೆ. ಅದರದೇನು ತಪ್ಪಿದೆ? ಅದನ್ನು ಕೊರಳಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಹೋದವರದು ತಪ್ಪು.

ಕೊನೆಗೆ ಮಾವನ ಬಳಿ ರಾಜ ಮತ್ತು ಒಂದು ಕಾಲಾಳು ಮಾತ್ರ ಉಳಿದವು. ಆ ಕಾಲಾಳು ಅವ್ವನ ಆನೆಯ ಬಾಯಲ್ಲೇ ಇತ್ತು. "ಹೊಡಿ ಅವ್ವ ಅದನ್ನ" ಎಂದೆ.

"ಹೊಡದ್ರ ಬರೇ ರಾಜ ಉಳೀತಾನ" ಎಂದಳು. "ಬರೇ ರಾಜ ಉಳದ್ರ ಅರ್ಧ ಗೆಲುವು. ಪೂರಾ ಗೆಲ್ಲಬೇಕಂದ್ರ ಎದುರಿನವಗ ಒಂದು ಬಿಟ್ಟು ಗೆಲ್ಲಬೇಕು." ಹಾಗೆ ಬಿಟ್ಟೇ ಗೆದ್ದಳು.

ಆ ಚಳಿಗಾಲದ ಆಟಗಳನ್ನೆಲ್ಲ ಯಾರು ಗೆದ್ದರು ಎಂದು ಮಾವನನ್ನು ಕೇಳಿದೆ. ಅವನು ಬುಟ್ಟಿ ಝಾಡಿಸುತ್ತ, "ಗಾಯಕ್ಕ ಉಪ್ಪು ಹಚ್ಚಬ್ಯಾಡ" ಎಂದ. ಬರುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟ. ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆಯಾನಿಸಿ ಕೂತಿದ್ದಳು, ಹೊಸದಾಗಿ ಹೂಡಿದ ಆಟ ಆಗಲೇ ಬುಟ್ಟಿಯ ಕೆಳಗಿತ್ತು. ಅಷ್ಟೂ ಕಾಯಿಗಳ ಹಾಸನ್ನು ತಲೆಯಲ್ಲಿ ಹೊತ್ತು ಪ್ರತಿ ವಾರ ಈ ಬಸ್ಸಿನಲ್ಲಿ ಬಂದು, ಮನೆಯಲ್ಲಿ ಒಂದೂ ತಪ್ಪದಂತೆ ಇಡುತ್ತಿದ್ದವಳ ನೆನಪು ಕೆಟ್ಟಿದೆ ಎಂದು ತೀರ್ಮಾನಿಸಲು, ಆಕೆ ನೆನಪಿನಿಂದ ಇಟ್ಟ ಅದೇ ಹಾಸನ್ನು ಬಳಸಿದ್ದರಲ್ಲ ಈ ಬುದ್ಧಿವಂತರು! ನನಗೆ ಆ ದಾರಿಯುದ್ದಕ್ಕೂ ಇದೇ ಯೋಚನೆ.

ಮನೆ ಮುಟ್ಟಿ ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದೆ. ನಮ್ಮ ಮನೆಯವರು ಪಡಸಾಲೆಯಲ್ಲಿ ಕೂತಿದ್ದರು.

"ನಿಮ್ಮ ಮೀಟರಿನ್ಯಾಗ ಕಡ್ಲಿ ಗುಂಡಿ ಒತ್ತಿ ತೊಗರಿ ಹಾಕಿದ್ರ ಏನಾಗ್ತದ?"

"ಹಂಗ ಹಾಕಬಾರ್ದು. ಬೆಳಿಗೊಂದು ಸೆಟ್ಟಿಂಗ್ ಇರ್ತದ."

"ಹಾಕಿದ್ರ?"

"ತಪ್ಪು ಬರ್ತದ."

"ತಪ್ಪು ಅಂತ ಬರ್ತದೋ, ಅಂಕಿ ಬರ್ತದೋ?"

"ಅಂಕಿನೇ ಬರ್ತದ" ಎಂದರು.

"ನಡುಗ್ತದೇನು? ನಾಚ್ತದೇನು ಅದು?"

"ಇಲ್ಲ."

ಆಮೇಲೆ ಒಂದೊಂದಾಗಿ ಹೇಳಿದೆ. ಕುದುರೆ ಸಾಲಿನ ಕಾಲಾಳು, ರಾಜನ ಜಿಗಿತ, ಒಂದು ಬಿಟ್ಟು ಗೆಲ್ಲುವುದು, ಮೈನಸ್ ನಾಲ್ಕೂ ಮೈನಸ್ ಮೂರೂ ಮೈನಸ್ ಐದೂ ಅವ್ವ ಗೆದ್ದ ಆಟಗಳೆಂಬುದು. ತೊಗರಿ ತಂದವನ ಗಾಡಿಯನ್ನು ಇಂಥ ಅಂಕೆಯಿಂದ ನೀವು ತಿರುಗಿಸಿ ಕಳಿಸಿದ್ದರೆ ಅವನು ನಿಮ್ಮ ಕೊರಳಪಟ್ಟಿ ಹಿಡಿಯುತ್ತಿದ್ದ, ಅವ್ವ ಹಿಡಿಯಲಿಲ್ಲ, ಅಷ್ಟೇ ವ್ಯತ್ಯಾಸ ಎಂದೆ. ಅವರ ಮುಖ ಸಣ್ಣದಾಗುತ್ತ ಹೋಯಿತು. ನೋಡಲು ನನಗೆ ಹಿತವಾಗಿತ್ತು. ಡಾಕ್ಟರು ಹೇಳಿದ್ದಲ್ಲವೇ ಎಂದರು, ಡಾಕ್ಟರಿಗೂ ಬಾರಿಸಿದೆ. ಕೊನೆಗೆ ಅವರಿಗೆ ಉಳಿದದ್ದು ಒಂದೇ ಮಾತು.

"ಹಾಲು ಉಕ್ಕಿದ್ದು ಖರೇ ಅಲ್ಲೇನು?" ಎಂದರು, ಸಣ್ಣ ದನಿಯಲ್ಲಿ.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಸ್ಕೂಟರನ್ನು ಮಿಲ್ಲಿನಲ್ಲೇ ಮರೆತು ಆಟೋದಲ್ಲಿ ಮನೆಗೆ ಬಂದು, ಬೆಳಿಗ್ಗೆ ಎದ್ದು ಗಾಡಿ ಕಳುವಾಯಿತೆಂದು ಓಣಿಯನ್ನೆಲ್ಲ ಎಬ್ಬಿಸಿದ ಮಹಾನುಭಾವರು ಅವರು. ಅವರ ತಲೆಯನ್ನು ಯಾವ ಡಾಕ್ಟರಿಗೆ ತೋರಿಸಿದ್ದೆವು? ಮಾತು ತುಟಿಗೆ ಬಂದಿತ್ತು. ಬಾಳೆಹಣ್ಣಿನ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದ ಅವ್ವ, "ಸಾಕು. ಒಂದು ಬಿಡು" ಎಂದಳು.

ಬಿಟ್ಟೆ. ಬಿಡಲು ನನಗೆ ಮನಸ್ಸಿರಲಿಲ್ಲ.

ಅವ್ವ ಅಳಿಯನ ಕಡೆ ತಿರುಗಿದಳು. "ಹಾಲು ಉಕ್ಕಿದ್ದು ಖರೇ ಅದರೀ. ಒಲಿ ಮುಂದ ನನಗ ಯಾವಾಗರ ಹಂಗ ಆಗ್ತದ. ಒಲಿ ಮುಂದ ಯಾರನ್ನರ ನಿಲ್ಲಸ್ರಿ. ಬಸ್ಸಿಗಿ ಬ್ಯಾಡ" ಎಂದು, ಒಳಗೆ ಹೋಗಿ ಕೈಕಾಲು ತೊಳೆದು ಬಂದು, ಕಾಯಿ ಇಡಲು ಕೂತಳು. ಅಂದಿನಿಂದ ಗುರುವಾರ ಮತ್ತೆ ಆಕೆಯದಾಯಿತು. ನಮ್ಮ ಮನೆಯವರು ಮೇಜಿನ ಹತ್ತಿರ ಫೋನು ತರುವುದನ್ನು ಬಿಟ್ಟರು.

ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದೆ ಎಂದು ಬರೆದುಕೊಳ್ಳಬಹುದಿತ್ತು. ಮಳೆ ಶುರುವಾದ ಮೇಲೆ ಒಂದು ಗುರುವಾರ ಅವ್ವ ಕಮಲಾಪುರದಿಂದ ಬಂದು ಎಂದಿನಂತೆ ಕಾಯಿ ಇಡುತ್ತಿದ್ದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಎಲ್ಲ ಇಟ್ಟಳು. ಮಾವನ ಒಂದು ಕುದುರೆ ಕೈಯಲ್ಲಿ ಉಳಿಯಿತು. ಅದನ್ನು ಹಿಡಿದುಕೊಂಡು ಹಾಸು ನೋಡಿದಳು, ಗೋಡೆ ನೋಡಿದಳು, ಮತ್ತೆ ಹಾಸು ನೋಡಿದಳು. ಒಂದು ಕಡೆ ಇಡಲು ಹೋಗಿ ಕೈ ಹಿಂದೆ ತೆಗೆದಳು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ನನಗೆ ಭಯವಾಯಿತು. ಹಿಂದೆಂದೂ ಹಾಗೆ ಹೆದರಿದ್ದು ನೆನಪಿಲ್ಲ. ಆಗ ನನಗೂ ಒಂದು ಅಂಕೆ ಬೇಕು ಅನ್ನಿಸಿತು. ಆಕೆಯಲ್ಲಿ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಯಾರಾದರೂ, ಯಾವುದಾದರೂ, ತಪ್ಪೋ ಸರಿಯೋ, ಒಂದು ಹೇಳಿಬಿಡಲಿ ಅನ್ನಿಸಿತು.

ಕುರ್ಚಿಯಲ್ಲಿದ್ದ ನಮ್ಮ ಮನೆಯವರೂ ನೋಡಿದ್ದರು. ಫೋನು ತೆಗೆದರು. ಪ್ರೋಗ್ರಾಂ ತೆರೆಯಲಿಲ್ಲ, ಮಾವನಿಗೆ ಹಚ್ಚಿ ಸ್ಪೀಕರ್ ಮೇಲೆ ಹಾಕಿದರು. "ಮಾವಾರ, ಸ್ವಲ್ಪ ಬುಟ್ಟಿ ಎತ್ರಿ. ನಿಮ್ಮ ಎರಡನೇ ಕುದುರಿ ಎಲ್ಲದ?" ಎಂದರು. ಅತ್ತ ಬುಟ್ಟಿ ಸರಿದ ಸದ್ದಾಯಿತು. ಮಾವ ಹೇಳಿದ, ಅಕ್ಕನ ಆನೆಯ ಎಡಕ್ಕೆ ಒಂದು ಮನೆ ಬಿಟ್ಟು. ಅವರು ಅವ್ವನಿಗೆ ಆ ಮನೆ ತೋರಿಸಿದರು.

ಅವ್ವ ಆ ಮನೆಯನ್ನೇ ನೋಡುತ್ತ ನಿಂತಳು. ಆಮೇಲೆ ತಲೆ ಅಲ್ಲಾಡಿಸಿದಳು. "ಅಲ್ಲಿಲ್ಲ. ಎಲ್ಲಿತ್ತೋ ನನಗ ನೆನಪಾಗವಲ್ದು. ಖರೆ ಅಲ್ಲಿ ಇರಲಿಲ್ಲ. ಅಲ್ಲಿ ಕುದುರಿ ಇದ್ದಿದ್ರ ನಾ ಅದನ್ನ ಹೊಡೀಲಾರ್ದೆ ಬಸ್ ಹತ್ತಾಕೇನು?"

ಫೋನಿನಾಚೆ ಮಾವನ ನಗು ಕೇಳಿಸಿತು. "ಸಿಕ್ಕೊಂಡೆ ಅಕ್ಕಾ. ವಾರಪೂರ್ತಿ ತಪ್ಪು ಹಾಸು ನೋಡಕೋತ ಕೂಡ್ಲಿ ಅಂತ ಸುಳ್ಳು ಹೇಳಿದ್ದೆ. ಅದರ ಹಿಂದಿನ ಮನ್ಯಾಗ ಅದ" ಎಂದ.

ಅವ್ವ ಕುದುರೆಯನ್ನು ಹಿಂದಿನ ಮನೆಯಲ್ಲಿ ಇಟ್ಟು, "ಕಳ್ಳ" ಎಂದು, ರೊಟ್ಟಿ ಸೀದದ್ದು ಯಾಕೆ ಎಂದು ನನ್ನನ್ನು ಕೇಳಿದಳು. ಆಕೆ ಮರೆತದ್ದು ನಿಜ, ಗೊತ್ತಿದ್ದದ್ದೂ ನಿಜ. ಎರಡನ್ನೂ ಕೂಡಿಸಿ ಒಂದು ಅಂಕೆ ಮಾಡಲು ನನಗೆ ಬರುವುದಿಲ್ಲ.

ಮುಂದಿನ ಗುರುವಾರ ಅವ್ವ ಒಬ್ಬಳೇ ಹೋದಳು. ನಮ್ಮ ಮನೆಯವರು ಸ್ಕೂಟರಿನಲ್ಲಿ ಬಸ್ ನಿಲ್ದಾಣದವರೆಗೆ ಬಿಟ್ಟು, ಸೀಟು ಹಿಡಿದು ಕೂಡಿಸಿ ಬಂದರು. ಬಂದವರು ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಿಟ್ಟಿತು, ಅದರ ನಂಬರು ಎಷ್ಟು ಎಂದು ಹೇಳಿದರು. ನಾನೇನೂ ಕೇಳಿರಲಿಲ್ಲ. ಆ ನಂಬರನ್ನು ಸಂಜೆ ಅವ್ವ ಗೇಟು ತೆಗೆದು ಒಳಗೆ ಬರುವವರೆಗೂ ನೆನಪಿಟ್ಟುಕೊಂಡಿದ್ದೆ.